ಹಲ್ಲಿಗೆ ಗಾಜಿನ ಪೆಟ್ಟಿಗೆ

ತಪ್ಪು ಅಣ್ಣನದಲ್ಲ, ನನ್ನದೂ ಅಲ್ಲ, ಭಾಷೆಯದು. ಫೋನಿನಲ್ಲಿ ಬಂದ ಆರ್ಡರನ್ನು ಅಣ್ಣ ಚೀಟಿಯಲ್ಲಿ ಹೀಗೆ ಬರೆದುಕೊಂಡಿದ್ದ: "ಹಲ್ಲಿಗೆ ಗಾಜಿನ ಪೆಟ್ಟಿಗೆ. ಮೂರಡಿ ಉದ್ದ. ಡೆಂಟಲ್ ಲ್ಯಾಬಿನವರು." ನಮ್ಮದು ಗಾಜಿನಂಗಡಿ. ಗಿರಾಕಿಗಳ ಜೊತೆ ಮಾತು ಅಣ್ಣನದು, ಕತ್ತರಿಸಿ ಅಂಟಿಸುವ ಕೆಲಸ ತಂಗಿಯಾದ ನನ್ನದು. ಲ್ಯಾಬಿನವರು ಅಂದಮೇಲೆ ಕಟ್ಟುಹಲ್ಲಿನ ಸೆಟ್ಟುಗಳನ್ನು ಜೋಡಿಸಿಡುವುದಕ್ಕೆ ಇರಬೇಕು ಎಂದುಕೊಂಡು ಮೂರು ಅಂತಸ್ತಿನ ಶೋಕೇಸ್ ಮಾಡಿಟ್ಟೆ. ಹಿಂದೆ ಕನ್ನಡಿಯನ್ನೂ ಹಾಕಿದೆ.

ಒಯ್ಯಲು ಬಂದವನು ಅದರ ಸುತ್ತ ಒಂದು ಸುತ್ತು ಹಾಕಿದ. ಅವನ ತೋಳಿಗೆಲ್ಲ ಲ್ಯಾಬಿನ ಬಿಳಿ ಪುಡಿ ಮೆತ್ತಿತ್ತು.

"ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಅವು ಓಡಾಡೋದೆಲ್ಲಿ?"

"ಹಲ್ಲು ಯಾಕ್ರೀ ಓಡಾಡುತ್ತೆ?"

"ಹಲ್ಲಲ್ಲ, ಹಲ್ಲಿ. ಗೆಕ್ಕೋ ಅಂತಾರೆ. ಒಂದು ಜೊತೆ ಸಾಕಿದ್ದೀನಿ."

ಅಣ್ಣ ನಗು ತಡೆಯಲಾರದೆ ಒಳಗೆ ಓಡಿದ. ಇವನು ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದ ಕೂಡಲೇ ಅದರ ಮೂಲೆಯಲ್ಲಿ ಧೂಳು ಹುಡುಕತೊಡಗಿದ. ನನ್ನ ಕೆಲಸದಲ್ಲಿ ಧೂಳು ಇರುವುದಿಲ್ಲ.

ಹೊಸದಾಗಿ ಮಾಡಿದೆ. ಮೇಲೆ ಜಾಲರಿಯ ಮುಚ್ಚಳ, ನಡುವೆ ಬೇಕಾದಾಗ ಎತ್ತಿಡಬಹುದಾದ ಗಾಜಿನ ತಡೆ. ಅಳವಡಿಸಲು ಅವನ ಮನೆಗೆ ನಾನೇ ಹೋದೆ. ಪೆಟ್ಟಿಗೆಯ ಅಡಿಗೆ, ಹಿಂಬದಿಯುದ್ದಕ್ಕೂ ಅವನು ಹೀಟ್ ಮ್ಯಾಟ್ ಹಾಸಿದ. ಹಿಂದೆ ಬಿಸಿ, ಮುಂದೆ ತಂಪು. ಆ ಕಡೆಗೊಂದು ಈ ಕಡೆಗೊಂದು ಗೂಡು, ಮೊಟ್ಟೆಯಿಡುವುದಕ್ಕೆ ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಡಬ್ಬಿ.

"ಜೊತೆ ಅಂದ್ರಿ, ಮಧ್ಯೆ ಗಾಜು ಯಾಕೆ?"

"ಸದಾ ಒಟ್ಟಿಗಿದ್ರೆ ಅವಳು ಊಟ ಬಿಡ್ತಾಳೆ. ವರ್ಷಕ್ಕೆ ನಾಲ್ಕು ದಿನ ಸಾಕು."

"ಪುಣ್ಯವಂತೆ."

ಅವನ ಕಿವಿ ಕೆಂಪಾಯಿತು. ಥರ್ಮೋಸ್ಟಾಟಿನ ವೈರನ್ನು ಎರಡು ಸಲ ತಪ್ಪು ಕಡೆ ಸಿಕ್ಕಿಸಿದ.

ಆಮೇಲಿನ ವಾರಗಳಲ್ಲಿ ಮುಚ್ಚಳ ಬಿಗಿ ಎಂದು, ಸಡಿಲ ಎಂದು, ಮೂಲೆ ಚೂಪು ಎಂದು ಐದು ಸಲ ಕರೆದ. ಐದು ಸಲವೂ ಹೋದೆ. ನನ್ನ ಕೆಲಸ ಅಷ್ಟು ಕೆಟ್ಟದಾಗಿರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. "ಆ ಹಲ್ಲಿಗಳನ್ನ ನಾನೂ ಕೇಳಿದೆ ಅಂತ ಹೇಳು," ಅನ್ನುತ್ತಿದ್ದ.

ಹೆಣ್ಣಿಗೆ ಅವನಿಟ್ಟ ಹೆಸರು ಯಜಮಾನಿ. ಅವಳು ಎರಡು ಮೊಟ್ಟೆಯಿಟ್ಟಳು. ಒಂದು ಬತ್ತಿಹೋಯಿತು. ಇನ್ನೊಂದನ್ನು ಬೇರೆ ಡಬ್ಬಿಯಲ್ಲಿ ಅರ್ಧ ಹೂತಿಟ್ಟು, ಅಂಗೈ ಮರೆಮಾಡಿ ಟಾರ್ಚ್ ಹಿಡಿದು ನನಗೆ ತೋರಿಸಿದ. ಒಳಗೆ ಕೆಂಪು ಎಳೆಗಳಿದ್ದವು.

"ಮೂರು ವರ್ಷದಿಂದ ಕಾಯ್ತಿದ್ದೆ. ಅವಳಿಗೆ ವಯಸ್ಸಾಯ್ತು. ಇದೇ ಕೊನೇದು," ಅಂದ. ಮೊದಲ ಸಲ ಅವನು ಬಾಯ್ತುಂಬ ನಕ್ಕಿದ್ದನ್ನು ಕಂಡೆ. ಕಾಫಿ ತರುತ್ತೇನೆಂದು ಒಳಗೆ ಹೋದ.

ಗಾಜು ಕತ್ತರಿಸುವವರು ಮೊದಲು ಗುರುತು ಹಾಕುತ್ತಾರೆ, ಕೆಲಸ ಮುಗಿದ ಮೇಲೆ ಒರೆಸುತ್ತಾರೆ. ಹದಿನಾಲ್ಕು ವರ್ಷದಿಂದ ನನ್ನ ಕೈ ಅದನ್ನೇ ಮಾಡುತ್ತಿದೆ. ಮೊಟ್ಟೆಯ ಮೇಲೊಂದು ಪೆನ್ಸಿಲ್ ಚುಕ್ಕೆ ಕಂಡಿತು. ಎತ್ತಿದೆ, ಜೇಬಿನ ಬಟ್ಟೆಯಿಂದ ಒರೆಸಿದೆ, ಇಟ್ಟೆ.

ಅವನು ಲೋಟಗಳೊಂದಿಗೆ ಬಂದು ಕೂತ. "ಹೇಳೋದೇ ಮರೆತೆ. ಅದನ್ನ ಮುಟ್ಟಬಾರದು. ಮೇಲ್ಭಾಗ ಯಾವುದು ಅಂತ ಚುಕ್ಕೆ ಹಾಕಿದ್ದೀನಿ. ಮಗುಚಿಬಿಟ್ರೆ ಮರಿ ಒಳಗೇ ಸಾಯುತ್ತೆ."

"ಕಾಫಿ ಚೆನ್ನಾಗಿದೆ," ಅಂದೆ. ಇನ್ನೂ ಕುಡಿದಿರಲಿಲ್ಲ.

ಮನೆಗೆ ಬಂದೆ. ಊಟ ಸೇರಲಿಲ್ಲ. ಹೇಳಿದರೆ ಅವನು ಕೈತಪ್ಪಿ ಹೋಗುತ್ತಾನೆ, ಹೇಳದಿದ್ದರೆ ಮರಿ ಹೊರಬರುವ ಹೊತ್ತಿನ ತನಕ ನಾನು ಅವನೆದುರು ಐವತ್ತು ದಿನ ಸುಳ್ಳಿಯಾಗಿ ಕೂರಬೇಕು. ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ನನಗೆ ಖಚಿತವಾದದ್ದು ಆಗಲೇ. ಹೊತ್ತುಗೊತ್ತಿಲ್ಲದ ತಿಳಿವಳಿಕೆ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದೆ. ಯಾರದೋ ಮೇಲ್ದವಡೆಯನ್ನು ಉಜ್ಜುತ್ತಿದ್ದ. ನಿಂತೇ ಹೇಳಿದೆ.

ಮೆಷಿನ್ ನಿಲ್ಲಿಸಿದ. "ಯಾವ ಮಗ್ಗುಲಿಗೆ ಇಟ್ರಿ?"

"ಗೊತ್ತಿಲ್ಲ. ಅದೇ ಹೇಳೋಕೆ ಬಂದೆ."

ಮುಖ ನನ್ನ ಕಡೆ ತಿರುಗಲೇ ಇಲ್ಲ. ಕೊನೆಗೆ, "ಕಾಯೋಣ," ಅಂದ, ಮತ್ತೆ ಮೆಷಿನ್ ಹಾಕಿದ. ಕಾಯೋಣ ಎಂಬುದರಲ್ಲಿ ನಾನೂ ಇದ್ದೇನೆಯೇ ಎಂದು ಕೇಳುವ ಧೈರ್ಯವಾಗಲಿಲ್ಲ. ಕರೆಯದಿದ್ದರೂ ದಿನಾ ಸಂಜೆ ಅವನ ಮನೆಗೆ ಹೋದೆ. ಅವನು ದಿನಾ ಬಾಗಿಲು ತೆಗೆದ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ಡಬ್ಬಿಯನ್ನು ನೋಡುತ್ತಿದ್ದೆ.

ಮೂವತ್ತೊಂದನೇ ದಿನ ಮೊಟ್ಟೆ ಹಳದಿಗಟ್ಟಿ ಒಳಕ್ಕೆ ಕುಸಿದಿತ್ತು. ಅವನು ಅದನ್ನು ಚಮಚದಲ್ಲಿ ಎತ್ತಿ ಕಾಗದದಲ್ಲಿ ಮಡಚಿದ.

"ನನ್ನಿಂದಾನೇ ಹೋಯ್ತಾ?"

ಬೇರೆ ಯಾರಾದರೂ ಆಗಿದ್ದರೆ ಛೆ ಛೆ, ಇಲ್ಲ ಬಿಡಿ ಅನ್ನುತ್ತಿದ್ದರು. ಅವನು ಯೋಚಿಸಿದ.

"ಇರಬಹುದು," ಅಂದ.

ಚಪ್ಪಲಿ ಹಾಕಿಕೊಳ್ಳಲು ಎದ್ದೆ.

"ಎಲ್ಲಿಗೆ?"

"ಇನ್ನು ಬರೋಕೆ ಕಾರಣ ಇಲ್ವಲ್ಲ."

"ಬೇಜಾರಾಗಿದೆ ನಂಗೆ. ಬಹಳ ದಿನ ಇರುತ್ತೆ ಅದು," ಅಂದ. ಕಾಗದದ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. "ಆದ್ರೆ ನೀವು ಬರದಿದ್ರೆ ಇನ್ನೂ ಜಾಸ್ತಿ ಆಗುತ್ತೆ."

ಇಷ್ಟು ಕಟುವಾದ ಸತ್ಯವನ್ನು ಇಷ್ಟು ಮೆಲ್ಲಗೆ ಹೇಳಬಲ್ಲವನ ಜೊತೆ ಬಾಳಬಹುದು ಎನ್ನಿಸಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವನ ಪಕ್ಕ ಕೂತೆ.