ಗಾಳೆಮ್ಮನ ಮಾರಿ ಇಲ್ಲದ ಕ್ಯಾಸೆಟ್ಟು

“ಪಾಪ, ಈಕಿ ಯಾವಾಗ ತೀರಿಕೊಂಡ್ಳಬೇ?”

ಮುದುಕಿ ಗಿರಿಯಮ್ಮ ಟಿವಿಗೆ ಕೈ ಮುಗಿದಾಗ, ಹಿಂದೆ ಕೂತಿದ್ದ ಗಾಳೆಮ್ಮ ಬೆಚ್ಚಿ ತಲೆಯೆತ್ತಿದಳು. ಟಿವಿಯಲ್ಲಿ ಕೇಳುತ್ತಿದ್ದದ್ದು ಅವಳದೇ ದನಿ!

ಅದು ೧೯೯೩. ಜವಳಗೇರಾದ ಶಾಲೆಯ ಕೋಣೆ, ಕಿಟಕಿಗೆಲ್ಲ ಗೋಣಿತಾಟು. ಸಿಂಧನೂರಿನಲ್ಲಿ ಮದುವೆ ವಿಡಿಯೊ ತೆಗೆಯುವ ಅಮರಮ್ಮ, ಭತ್ತ ನಾಟಿ ಮಾಡುವ ಹೆಂಗಸರ ಬಗ್ಗೆ ತಾನೇ ಮಾಡಿದ ಚಿತ್ರ ತೋರಿಸುತ್ತಿದ್ದಳು. ಕೆಸರಿನ ಕಾಲು, ಬದುವಿನ ಮೇಲೆ ಬಿಟ್ಟ ಚಪ್ಪಲಿ, ಬಿಚ್ಚದ ಬುತ್ತಿಗಂಟು... ಅದರ ಮೇಲೆ ನಾಟಿ ಮಾಡುವ ಗಾಳೆಮ್ಮನ ಮಾತು; ಅವಳ ಮುಖ ಮಾತ್ರ ಒಮ್ಮೆಯೂ ಇಲ್ಲ.

ಇಲ್ಲಿ ವಿಡಿಯೊ ಎಂದರೆ ಮದುವೆಯದು. ಬಂದವರೆಲ್ಲರ ಮುಖ ಅದರಲ್ಲಿ ಬರಲೇಬೇಕು. ಬರದಿದ್ದವರು ಒಂದೋ ಮುನಿಸಿಕೊಂಡವರು, ಇಲ್ಲವೇ ಸತ್ತವರು. ಗಿರಿಯಮ್ಮನದೇನು ತಪ್ಪು ಹೇಳಿ!

ಚಿತ್ರ ಮುಗಿದು ಕಪ್ಪಾದ ಟಿವಿ ಗಾಜಿನಲ್ಲಿ ಗಾಳೆಮ್ಮ ತನ್ನ ಮುಖ ಹುಡುಕಿದಳು. ಅಲ್ಲೂ ಬರೀ ಕತ್ತಲೆ.

ಮೊದಲ ದಿನ ಆ ಕ್ಯಾಮೆರಾ ತನ್ನತ್ತ ತಿರುಗಿದಾಗ ನಾಟಿಯ ಸಾಲೇ ತಪ್ಪಿತ್ತು. ನಾಲ್ಕು ತಿಂಗಳಾದರೂ ಇಬ್ಬರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

‘ನನ್ನ ಮಾರಿ ತೋರಸಾಕ ನಾಚಿಕಿ ಬಂತೇನು ಆಕಿಗೆ?’

ಕ್ಯಾಮೆರಾ ಹೆಗಲಿಗೇರಿಸಿ ಹೊರಟಿದ್ದ ಅಮರಮ್ಮನನ್ನು ಕಾಲುವೆ ದಂಡೆಯಲ್ಲಿ ಅಡ್ಡಗಟ್ಟಿದಳು.

“ಜೀವಂತ ಇದ್ದಾಕಿನ್ನ ಸಾಯಿಸಿಬಿಟ್ಟೆಲ್ಲ! ನಾ ಬ್ಯಾಡಾಗಿದ್ರ ಹೇಳಬೇಕಿತ್ತು!”

“ಹಂಗಲ್ಲಬೇ...” ಅಮರಮ್ಮ ಹತ್ತಿರ ಬಂದಳು. “ನಿನ್ನ ಮಾರಿ ಮೂರು ತಾಸು ತೆಗದೀನಿ. ಒಂದ್ರಾಗೂ ನೀ ಕ್ಯಾಮೆರಾ ನೋಡಿಲ್ಲ, ನನ್ನ ನೋಡೀದಿ. ಅದನ್ನ ಊರು ನೋಡಿದ್ರ ತಿಳಿತೈತಿ... ಅದಕ್ಕ ತೆಗೆದುಹಾಕಿದೆ. ಆ ಕ್ಯಾಸೆಟ್ಟು ದಿನಾ ನಾ ಒಬ್ಬಾಕೀನ ಹಾಕ್ಕೊಂಡು ಕೂಡ್ತೀನಿ.”

ಗಾಳೆಮ್ಮನ ಸಿಟ್ಟೆಲ್ಲ ಕಣ್ಣೀರಾಯಿತು.

“ಏನು ತಿಳಿತೈತಿ? ಬಾಯಿಬಿಟ್ಟು ಹೇಳು.”

“ನಿನ್ನ ಮ್ಯಾಲ ನಂಗ ಜೀವ ಐತಿ, ಗಾಳಿ.”

ಎಷ್ಟು ದಿನದಿಂದ ಕಾದಿದ್ದ ಮಾತು! ಗಾಳೆಮ್ಮ ಅವಳ ಹೆಗಲಿನಿಂದ ಕ್ಯಾಮೆರಾ ಇಳಿಸಿ ಕಲ್ಲಿನ ಮೇಲಿಟ್ಟಳು.

“ಇದನ್ನ ಚಾಲೂ ಮಾಡು. ನಿನ್ನ ಮಾರಿನೂ ಆ ಚಿತ್ರದಾಗಿಲ್ಲ. ಇಬ್ಬರೂ ಸತ್ತೀವೇನು?”

“ಊರು ನೋಡಿದ್ರ?”

“ಮೊದಲು ಗಿರಿಯಮ್ಮಗ ತೋರಿಸು. ಬದುಕೀವಂತ ತಿಳೀಲಿ.”

ಕೆಂಪು ದೀಪ ಹತ್ತಿತು. ಅಮರಮ್ಮ ಎಂದಿನಂತೆ ಕ್ಯಾಮೆರಾದ ಹಿಂದೆಯೇ ನಿಂತಳು.

“ಅಲ್ಲ್ಯಾಕ ನಿಂತಿ? ಈ ಕಡೆ ಬಾ, ನನ್ನ ಮಗ್ಗುಲಕ್ಕ ಕೂಡು.”

“ಮತ್ತ ಕ್ಯಾಮೆರಾ ಯಾರು ಹಿಡೀತಾರ?”

“ಅದು ತನ್ನಷ್ಟಕ್ಕ ನೋಡ್ತೈತಿ ಬಿಡು... ನೀ ನನ್ನ ನೋಡು.”