ಹತ್ತಿಯೊಳಗಿನ ಉಂಗುರ

ಪಡಸಾಲೆ ತುಂಬ ಹತ್ತಿ. ಮೂಲೆಗೆ ಬೆನ್ನು ಕೊಟ್ಟು ನಿಂತ ಫರೀನ್‌ಗೆ ಉಸಿರೇ ಸಾಲದು. ಅದರ ಮೇಲೆ, ಕಳೆದ ಉಂಗುರ ಹುಡುಕಲು ಬಂದವನಾದರೂ ಯಾರು? ಅಲ್ತಮಶ! ನೇಸರಗಿಯ ಈ ಮನೆಗೆ ಮೂರು ವರ್ಷದಿಂದ ಹತ್ತಿ ತೂಗಲು ಬಂದು, ತಕ್ಕಡಿ ಬಿಟ್ಟು ಇವಳನ್ನೇ ನೋಡುತ್ತಿದ್ದ ಬೈಲಹೊಂಗಲದ ಜಿನ್ನಿಂಗ್ ಮಿಲ್ಲಿನ ಹುಡುಗ.

"ನಿಶ್ಚಯದ ಉಂಗರ," ಅಬ್ಬಾ ಇಸ್ಮಾಯಿಲಸಾಬ ಹೇಳಿದರು. "ಹತ್ತ್ಯಾಗ ಸಿಗಲಿಲ್ಲಂದ್ರ ಶಟ್ಟೆವ್ವನಽ ಕದ್ದಾಳಂತ ಪೊಲೀಸರಿಗೆ ಹೇಳಾವ."

ಹತ್ತಿ ಬಿಡಿಸುವ ಶಟ್ಟೆವ್ವ ಹೊಸ್ತಿಲಾಚೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಉಂಗುರ ಬಿದ್ದಿರಲೂ ಇಲ್ಲ, ಕಳುವಾಗಿರಲೂ ಇಲ್ಲ. ಫರೀನಳೇ ಬೆರಳಿನಿಂದ ಕಿತ್ತು ಹತ್ತಿಯೊಳಗೆ ತುರುಕಿದ್ದಳು. ಸಿಕ್ಕರೆ ರಾಮದುರ್ಗದ ವರನ ಜೊತೆ ಬೇಡದ ಮದುವೆ. ಸಿಗದಿದ್ದರೆ ಶಟ್ಟೆವ್ವನಿಗೆ ಠಾಣೆ. ಎತ್ತ ಹೋಗಬೇಕು ಇವಳು?

ಹತ್ತಿಯಲ್ಲಿ ಮೊಳೆಗಿಳೆ ಇದ್ದರೆ ಗಿರಣಿಗೆ ಬೆಂಕಿ ಬೀಳುತ್ತದೆಂದು ಮಿಲ್ಲಿನವರು ಇಟ್ಟುಕೊಂಡ, ಲೋಹ ಕಂಡರೆ ಕೂಗುವ ಮಷೀನು ಅಲ್ತಮಶನ ಕೈಯಲ್ಲಿತ್ತು. ಹತ್ತಿಯ ಮೇಲೆ ಅದನ್ನು ಆಡಿಸುತ್ತ ಬಂದ. ಅವಳ ಕಾಲ ಹತ್ತಿರ ಬಂದದ್ದೇ ತಡ, ಕುಂಯ್ ಅಂತು.

"ಗೆಜ್ಜಿ ತೆಗೀರಿ."

"ತೆಗಿಯಂಗಿಲ್ಲ."

"ಹಂಗಾರ ಸಂಜೀತನಕ ಇಲ್ಲೇ ಒದರಸ್ತೇನಿ."

ಇಂಥ ಹೊತ್ತಿನಲ್ಲೂ ಚೇಷ್ಟೆ! ಆದರೆ ಅವನ ಕಣ್ಣುಗಳು ಕೆಂಪಾಗಿದ್ದವು. ಬೇರೊಬ್ಬ ತೊಡಿಸಿದ ಉಂಗುರ ಹುಡುಕಿಕೊಡುವ ಕೆಲಸ, ಪಾಪ. ಅವಳು ಗೆಜ್ಜೆ ಬಿಚ್ಚಿದಳು. ಮಷೀನು ಮತ್ತೆ ಕುಂಯ್ ಅಂತು.

ಕೈ ಹಾಕಿದ. ಮೊಣಕೈವರೆಗೂ ಹೋಯಿತು. ಹಸಿರು ಹರಳಿನ ಉಂಗುರ. ಜಾರಿ ಬಿದ್ದದ್ದು ಇಷ್ಟು ಆಳಕ್ಕೆ ಇಳಿಯುವುದಿಲ್ಲ, ಅದು ಅವನಿಗೆ ಗೊತ್ತು. ತಲೆ ಎತ್ತಿ ಅವಳನ್ನು ನೋಡಿದ, ನೋಡುತ್ತಲೇ ಮುಷ್ಟಿ ಮುಚ್ಚಿದ.

"ಸಿಗಲಿಲ್ಲ ಅನ್ಲೇನು?" ಪಿಸುಗುಟ್ಟಿದ.

"ಶಟ್ಟೆವ್ವ?"

ಮುಷ್ಟಿ ಸಡಿಲಾಯಿತು. ಬೆವೆತ ಆ ಅಂಗೈಯಿಂದ ಅವಳೇ ಉಂಗುರ ಎತ್ತಿಕೊಂಡಳು. ಮೂರು ವರ್ಷದಲ್ಲಿ ಮೊದಲ ಸಲ ಕೈಗೆ ಕೈ ತಾಗಿತ್ತು. ಹತ್ತಿ ತುಳಿದುಕೊಂಡು ಅಬ್ಬಾನ ಮುಂದೆ ಹೋಗಿ ನಿಂತಳು.

"ಶಟ್ಟೆವ್ವ ಮುಟ್ಟಿಲ್ಲ. ನಾನಽ ಮುಚ್ಚಿಟ್ಟಿದ್ದೆ. ಆ ಮದುವಿ ನನಗ ಬ್ಯಾಡ."

ಇಸ್ಮಾಯಿಲಸಾಬರ ಕೈ ಮೇಲೆದ್ದಿತು.

"ಹೊಡೀಬ್ಯಾಡ್ರಿ ಸಾಹೇಬ್ರ!" ಓಡಿ ಬಂದು ಅಡ್ಡ ನಿಂತವಳು ಶಟ್ಟೆವ್ವ. ಬೆಳಗಿನಿಂದ ಯಾರನ್ನು ಕಳ್ಳಿ ಅನ್ನುತ್ತಿದ್ದರೋ ಅವಳೇ. ಎತ್ತಿದ ಕೈ ತಾನಾಗಿ ಇಳಿಯಿತು.

"ತಪ್ಪಾತವ್ವಾ," ಅವಳಿಗೆ ಹೇಳಿ ಮಗಳತ್ತ ತಿರುಗಿದರು. "ಮತ್ತ ಯಾರು ಬೇಕು ನಿನಗ?"

ಫರೀನ್ ತಿರುಗಿ ಹತ್ತಿಯ ರಾಶಿಯತ್ತ ನೋಡಿದಳು. ಅಲ್ತಮಶ ಮಷೀನು ಕೆಳಗಿಟ್ಟು ಬಂದು ಅವಳ ಪಕ್ಕ ನಿಂತ.

"ನಾ ಇದ್ದೇನಲ್ರಿ."

ಇಸ್ಮಾಯಿಲಸಾಬ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. ಕೊನೆಗೆ ಮಗಳ ಕೈಯಿಂದ ಉಂಗುರ ತೆಗೆದು ಅವನ ಕೈಗೇ ಹಾಕಿದರು.

"ನಾಳೆ ನನ್ನ ಜೋಡಿ ರಾಮದುರ್ಗಕ್ಕ ಬಾ. ವಾಪಸ್ ಕೊಡೂಣು. ಅವರು ಬೈತಾರ. ಅರ್ಧ ಬೈಗಳ ನಿಂದು."

"ಪೂರಾ ನನಗಽ ಬಿಡ್ರಿ, ಮಾಮಾ."

"ಮಾಮಾ ಅಂತ!" ಇಸ್ಮಾಯಿಲಸಾಬ ಗದರಿದರು. ಫರೀನ್ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು, ನಕ್ಕಳು.