ವಕೀಲಮ್ಮ ಮುಟ್ಟದ ಮೀನು

ಕೋರ್ಟಿನಲ್ಲಿ ತಾನು ಸೋಲಿಸಿದ ಮನುಷ್ಯ ಹೊರಗೆ ಮೆಟ್ಟಿಲ ಮೇಲೆ ಮೀನು ಹಿಡಿದುಕೊಂಡು ಕಾಯುತ್ತಾನೆಂದು ಸೆರಾಫಿಮಾ ಕನಸಿನಲ್ಲೂ ಎಣಿಸಿರಲಿಲ್ಲ.

ಅವಳು ಓರ್ಲಿನ್ ಪಟ್ಟಣದ ಸರ್ಕಾರಿ ವಕೀಲೆ. ನದಿಯ ದಂಡೆ ಸರ್ಕಾರದ್ದು, ವೆಲ್ಕೊ ಎಂಬವನು ಅಲ್ಲಿ ಟ್ರೌಟ್ ಮೀನು ಸಾಕುವ ಕೊಳ ಕಟ್ಟಿಕೊಂಡಿದ್ದಾನೆ, ಬಿಡಿಸಿಕೊಡಿ ಎಂಬುದು ಮೊಕದ್ದಮೆ. ಕೊಳ ಅವನ ಅಪ್ಪನ ಕಾಲದ್ದು. ಕಾನೂನು ಅದನ್ನೆಲ್ಲ ಕೇಳುತ್ತದೆಯೇ? ಅವಳು ವಾದಿಸಿದಳು, ಗೆದ್ದಳು. ಅವನಿಗಿದ್ದ ಎರಡು ಕೊಳಗಳಲ್ಲಿ ದೊಡ್ಡದು ಕೈತಪ್ಪಿತು.

"ತಗೊಳ್ಳಿ ವಕೀಲಮ್ಮ," ಎಂದು ಅವನು ಕಾಗದದ ಪೊಟ್ಟಣ ಮುಂದೆ ಚಾಚಿದ. "ಬೆಳಿಗ್ಗೆ ಹಿಡಿದದ್ದು. ಇನ್ನೂ ಘಮ ಹೋಗಿಲ್ಲ."

"ಏನ್ರೀ ಇದು? ಲಂಚಾನಾ?"

"ಸೋತ ಮೇಲೆ ಯಾರಾದ್ರೂ ಲಂಚ ಕೊಡ್ತಾರಾ? ಅಷ್ಟು ದಡ್ಡನ ಥರ ಕಾಣಿಸ್ತೀನಾ?"

"ಮೇಲ್ಮನವಿಗೆ ಇನ್ನೂ ಅವಕಾಶ ಇದೆ. ನಾನು ಮುಟ್ಟೋ ಹಾಗಿಲ್ಲ."

"ಮೇಲ್ಮನವಿ ಹಾಕಲ್ಲ. ನೀವು ಅಷ್ಟು ಚೆನ್ನಾಗಿ ಮಾತಾಡಿದ್ರಿ, ಒಂದು ಹಂತದಲ್ಲಿ ಕೊಳ ನಂದಲ್ಲ ಅಂತ ನಂಗೇ ಅನ್ನಿಸಿಬಿಡ್ತು." ಅವನು ನಕ್ಕ. ಕೋರ್ಟಿಗೆಂದು ಹಾಕಿಕೊಂಡು ಬಂದಿದ್ದ ಒಳ್ಳೆಯ ಕೋಟಿನ ತೋಳಿನಲ್ಲಿ ಮೀನಿನ ಹುರುಪೆಯೊಂದು ಅಂಟಿಕೊಂಡು ಹೊಳೆಯುತ್ತಿತ್ತು. ಅದನ್ನು ಉಗುರಿನಿಂದ ತೆಗೆದುಬಿಡಬೇಕೆಂದು ಸೆರಾಫಿಮಾಳ ಕೈ ತುರಿಸಿತು. ಕೈಯನ್ನು ಜೇಬಿಗೆ ಹಾಕಿಕೊಂಡಳು.

"ಹಾಗಾದ್ರೆ ಯಾವಾಗ ತಗೋತೀರಿ?"

"ಈ ಕೆಲಸದಲ್ಲಿ ಇರೋವರೆಗೂ ಇಲ್ಲ."

"ಸರಿ, ಕಾಯ್ತೀನಿ," ಎಂದವನು ಮೀನನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನತ್ತ ಹೊರಟೇಹೋದ. ತಮಾಷೆಗೆ ಹೇಳಿದನೋ ನಿಜಕ್ಕೋ ಅವಳಿಗೆ ತಿಳಿಯಲಿಲ್ಲ.

ತಮಾಷೆಯಲ್ಲ ಎಂದು ಆಮೇಲೆ ತಿಳಿಯಿತು. ಶನಿವಾರದ ಸಂತೆಯಲ್ಲಿ ಅವಳು ಕಂಡರೆ ಸಾಕು, ಅವನು ತಕ್ಕಡಿ ಬಿಟ್ಟು, "ಇನ್ನೂ ಕೆಲಸದಲ್ಲಿದೀರಾ?" ಎಂದು ಜನರ ತಲೆಯ ಮೇಲಿಂದ ಕೂಗುತ್ತಿದ್ದ. "ಇದೀನಿ!" ಎಂದು ಅವಳೂ ಕೂಗುತ್ತಿದ್ದಳು. ಮೀನು ಬೇಕಾದರೆ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು. ಅವನ ಕಣ್ಣು ಬೆನ್ನ ಹಿಂದೆ ಬರುತ್ತಿರುವುದು ಗೊತ್ತಾಗಿ ನಡಿಗೆ ತಪ್ಪುತ್ತಿತ್ತು. ಒಮ್ಮೆ ಮದುವೆಯಾಗಿ, ಮುರಿದು, ನಲವತ್ತು ಹತ್ತಿರವಾದ ಹೆಂಗಸಿಗೆ ಇದೆಂಥ ಹುಚ್ಚು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಕೆಲಸ ಬಿಡುವ ಹೊತ್ತು ಬಂದದ್ದೂ ನದಿಯಿಂದಲೇ. ಮೇಲ್ಗಡೆ ಒಬ್ಬ ಕಲ್ಲುಕ್ವಾರಿ ಧಣಿ ದಂಡೆಯನ್ನು ಉದ್ದಕ್ಕೂ ನುಂಗಿ ಬೇಲಿ ಹಾಕಿದ್ದ. ವೆಲ್ಕೊನ ಮೇಲೆ ಹಾಕಿದ ಅದೇ ಕಾನೂನಿನಡಿ ಸೆರಾಫಿಮಾ ಮೊಕದ್ದಮೆ ಸಿದ್ಧಮಾಡಿದಳು. ಮೇಲಧಿಕಾರಿ ಕರೆದು ಕಾಫಿ ಕೊಟ್ಟು, "ಇದನ್ನ ಕೈಬಿಡಮ್ಮ," ಎಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಡವನ ಕೊಳ ಕಿತ್ತುಕೊಳ್ಳುವಾಗ ಕಾನೂನು ಕಾನೂನೇ, ಧಣಿಯ ಬೇಲಿ ಬಂದಾಗ ಕಾಫಿ! ಕಾಫಿ ಮುಟ್ಟದೆ ಎದ್ದುಬಂದು ರಾಜೀನಾಮೆ ಕೊಟ್ಟಳು. ಆ ಶರತ್ಕಾಲದಲ್ಲೇ ಪಟ್ಟಣದ ಮೇಯರ್ ಚುನಾವಣೆಗೆ ನಿಂತಳು.

ಈಗಲಾದರೂ ಮೀನು ತೆಗೆದುಕೊಳ್ಳಬಹುದಲ್ಲ ಎಂದು ಒಂದು ದಿನ ಕೊಳದ ಕಡೆ ಹೊರಟಳು. ಒಬ್ಬಳೇ ಹೋಗಬೇಕೆಂದಿದ್ದಳು. ಪ್ರಚಾರ ನೋಡಿಕೊಳ್ಳುತ್ತಿದ್ದ ಗಲಿನ್, "ನದಿ ಕಡೆ ಓಟು ಜಾಸ್ತಿ," ಎನ್ನುತ್ತ ಕ್ಯಾಮೆರಾ ನೇತುಹಾಕಿಕೊಂಡು ಹಿಂದೆಯೇ ಬಂದ. ಬೇಡ ಎನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಅವಳನ್ನು ಕಂಡದ್ದೇ ವೆಲ್ಕೊನ ಮುಖ ಅರಳಿತು. ಮೊಣಕಾಲುದ್ದದ ರಬ್ಬರ್ ಬೂಟಿನಲ್ಲೇ ಓಡಿಬಂದ. "ಬಿಟ್ರಾ? ಕೊನೆಗೂ ಬಿಟ್ರಾ?" ಎಂದು ಬಲೆಗೆ ಕೈಹಾಕಿ, ಒದ್ದಾಡುವ ದೊಡ್ಡ ಟ್ರೌಟನ್ನು ಎತ್ತಿ ಹಿಡಿದ. ಅವಳು ನಗುತ್ತ ಕೈ ಚಾಚಿದಳು. ಆಗಲೇ ಗಲಿನ್‌ನ ಕ್ಯಾಮೆರಾ ಕ್ಲಿಕ್ ಎಂದಿತು. ಮೀನು ಜಾರಿ ನೀರಿಗೆ ಬಿತ್ತು.

ಎರಡು ದಿನ ಕಳೆಯುವಷ್ಟರಲ್ಲಿ ಊರಿನ ಗೋಡೆಗಳ ಮೇಲೆಲ್ಲ ಆ ಫೋಟೊ. ಕೆಳಗೆ ದಪ್ಪಕ್ಷರ: 'ಕೋರ್ಟಿನಲ್ಲಿ ಸೋತವನೂ ಇವರ ಜೊತೆಗಿದ್ದಾನೆ!'

ಸೆರಾಫಿಮಾ ಗಲಿನ್‌ನನ್ನು ಹಿಡಿದು ಜಾಡಿಸಿದಳು. "ಯಾರನ್ನ ಕೇಳಿ ಹಾಕಿದೆಯೋ? ಎಲ್ಲ ಕಿತ್ತುಹಾಕು!"

"ಅಕ್ಕಾ, ಇಡೀ ಪ್ರಚಾರದಲ್ಲಿ ಜನ ನಿಂತು ನೋಡ್ತಿರೋದು ಇದೊಂದನ್ನೇ. ಕಿತ್ರೆ ಸೋಲ್ತೀವಿ."

"ಸೋಲೋಣ. ಕೀಳು."

ಸಂತೆಯಲ್ಲಿ ವೆಲ್ಕೊ ಈ ಸಲ ಕೂಗಲಿಲ್ಲ. ತಕ್ಕಡಿಯಿಂದ ತಲೆ ಎತ್ತದೆ, "ಫೋಟೊ ಚೆನ್ನಾಗಿ ಬಂದಿದೆ ಮೇಡಂ," ಎಂದ. ವಕೀಲಮ್ಮ ಹೋಗಿ ಮೇಡಂ ಆಗಿತ್ತು.

"ನಾನು ಹಾಕಿಸಿದ್ದಲ್ಲ. ಕೀಳಿಸ್ತಾ ಇದೀನಿ."

"ಓಟು ತಾನೇ ಬೇಕು? ಹಾಕ್ತೀನಿ ಬಿಡಿ. ಅದಕ್ಕೆ ನಗ್ತಾ ಬರಬೇಕಾಗಿರಲಿಲ್ಲ."

"ನಂಗೆ ಓಟು ಹಾಕಬೇಡಿ!"

ಪಕ್ಕದ ಮೆಣಸಿನಕಾಯಿ ಅಂಗಡಿಯ ಮುದುಕಿ ತಿರುಗಿ ನೋಡಿದಳು. ಅಭ್ಯರ್ಥಿಯ ಬಾಯಲ್ಲಿ ಇಂಥ ಮಾತನ್ನು ಅವಳು ಕೇಳಿರಲಿಲ್ಲ. ಸೆರಾಫಿಮಾ ದನಿ ತಗ್ಗಿಸಿದಳು. "ಓಟಿಗೆ ಬಂದಿದ್ದಲ್ಲ. ನಿಮ್ಮನ್ನ ನೋಡೋಕೆ ಬಂದಿದ್ದೆ. ಎಷ್ಟು ದಿನದಿಂದ ಬರಬೇಕು ಅಂತಿದ್ದೆನೋ ನಂಗೆ ಗೊತ್ತು."

ಆಗ ವೆಲ್ಕೊ ತಲೆ ಎತ್ತಿದ. ಬೂದುಗಣ್ಣು ಅವಳ ಮುಖದ ಮೇಲೆ ತುಸು ಹೊತ್ತು ನಿಂತಿತು. ನಂಬುವ ಆಸೆ ಆ ಕಣ್ಣಿನಲ್ಲಿ ಎದ್ದು ಕಾಣುತ್ತಿತ್ತು.

"ಚುನಾವಣೆಗೆ ಮುಂಚೆ ಎಲ್ಲರೂ ನನ್ನನ್ನ ನೋಡೋಕೇ ಬರ್ತಾರೆ," ಎಂದ ಮೆಲ್ಲಗೆ. "ಅಭ್ಯರ್ಥಿ ಮಾತು ಹೇಗ್ರೀ ನಂಬಲಿ? ಭಾನುವಾರದ ಓಟು ಕಳೀಲಿ."

ಅವಳು ತಲೆಯಾಡಿಸಿ ಮನೆಯ ದಾರಿ ಹಿಡಿದಳು.

ಭಾನುವಾರ ಕಳೆಯಿತು. ಸೆರಾಫಿಮಾ ಸೋತಳು. ಹೆಚ್ಚು ಅಂತರದಿಂದಲ್ಲ, ಆದರೆ ಸೋಲು ಸೋಲೇ. ಹಳೆಯ ಮೇಯರನ ಮನೆಯ ಮುಂದೆ ಪಟಾಕಿ ಹೊಡೆದದ್ದು ಅವಳ ಅಡುಗೆಮನೆಗೆ ಕೇಳಿಸಿತು.

ಬುಧವಾರ ದೇವದೂತರ ಹಬ್ಬ, ಸೆರಾಫಿಮಾಳಂತೆ ದೇವದೂತರ ಹೆಸರಿಟ್ಟುಕೊಂಡವರ ಹೆಸರುದಿನ. ಹೆಸರುದಿನಕ್ಕೆ ಯಾರನ್ನೂ ಕರೆಯುವಂತಿಲ್ಲ. ಬಾಗಿಲು ತೆರೆದಿಡಬೇಕು, ನೆನಪಿದ್ದವರು ತಾವಾಗಿ ಬರಬೇಕು. ಹೋದ ವರ್ಷ ಸರ್ಕಾರಿ ವಕೀಲೆಯ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಅಕ್ಕಪಕ್ಕದಿಂದ ಕುರ್ಚಿ ತಂದಿದ್ದರು.

ಈ ವರ್ಷವೂ ಅಮ್ಮ ಪೆನ್ಕಾ ಅಷ್ಟೇ ತಟ್ಟೆ ಬಾನಿತ್ಸಾ, ಚೀಸ್ ತುಂಬಿದ ಪದರುರೊಟ್ಟಿ, ಬೇಯಿಸಿದ್ದಳು. ಎಲೆಕೋಸಿನ ಸುರುಳಿ ಮಾಡಿ, ಹಣ್ಣಿನ ಮದ್ಯ ರಾಕಿಯಾದ ಬಾಟಲಿ ಒರೆಸಿಟ್ಟಿದ್ದಳು. ಪಕ್ಕದ ಮನೆಯವಳು ಬಂದು ಒಂದು ತುಂಡು ತಿಂದು, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದುಹೋದಳು. ಗಲಿನ್ ಫೋನಿನಲ್ಲೇ ಶುಭಾಶಯ ಮುಗಿಸಿದ. ಮಧ್ಯಾಹ್ನವಾದರೂ ಬಾನಿತ್ಸಾ ಕಡಿಮೆಯಾಗಲಿಲ್ಲ.

"ಹಾಳಾಗಿ ಹೋಗಲಿ!" ಎಂದು ಅಮ್ಮ ಗೊಣಗಿದಳು. "ಹೋದ ವರ್ಷ ಕೈ ನೆಕ್ಕಿಕೊಂಡು ತಿಂದವರೆಲ್ಲ ಎಲ್ಲಿ ಸತ್ತರು?"

"ಅವರು ಬರದಿದ್ರೆ ಹೋಗ್ಲಿ ಬಿಡಮ್ಮ."

"ಮತ್ತೆ ಬಾಗಿಲ ಕಡೆ ಯಾಕೆ ಹಾಗೆ ನೋಡ್ತಿದೀಯಾ?"

ಸೆರಾಫಿಮಾ ತಟ್ಟೆಗಳನ್ನು ಸರಿಸಿಡತೊಡಗಿದಳು. ಅವಳಿಗೆ ಬೇಕಾಗಿದ್ದದ್ದು ಒಬ್ಬನೇ. ಅವನೂ ಬರದಿದ್ದರೆ ಅವಳು ನಿಜವಾಗಿ ಸೋತಂತೆ.

ಅಂಗಳದಲ್ಲಿ ಬೂಟಿನ ಸದ್ದಾಯಿತು. ತೆರೆದ ಬಾಗಿಲಲ್ಲಿ ವೆಲ್ಕೊ ನಿಂತಿದ್ದ. ಕೋರ್ಟಿನ ಅದೇ ಕೋಟು, ಕೈಯಲ್ಲಿ ಕಾಗದದ ಪೊಟ್ಟಣ.

"ಹೆಸರುದಿನದ ಶುಭಾಶಯ, ವಕೀಲಮ್ಮ. ಈಗ ಸರ್ಕಾರದಲ್ಲಿದೀರಾ?"

"ಇಲ್ಲ."

"ಅಭ್ಯರ್ಥಿನಾ?"

"ಅದೂ ಇಲ್ಲ. ಈಗ ನಾನು ಯಾರೂ ಅಲ್ಲ."

"ಅಬ್ಬಾ! ಇದಕ್ಕೇ ಕಾದಿದ್ದು. ಸಂತೇಲಿ ಹೇಳಿದ ಮಾತು ಇನ್ನೊಂದು ಸಲ ಹೇಳ್ತೀರಾ?"

ಅವಳ ಕಣ್ಣು ತುಂಬಿತು. "ನಿಮ್ಮನ್ನ ನೋಡ್ಬೇಕು ಅನ್ಸುತ್ತೆ," ಎಂದಳು. "ದಿನಾ."

"ನಂಗೂ," ಎಂದ ಅವನು. ಕಿವಿಯ ತುದಿಯವರೆಗೆ ಕೆಂಪಾಗಿದ್ದ. "ಇನ್ನೊಂದು ವಿಷಯ. ಆಮೇಲೆ ಗೊತ್ತಾಗಿ ಬೈಸಿಕೊಳ್ಳೋ ಬದಲು ಈಗಲೇ ಹೇಳಿಬಿಡ್ತೀನಿ. ಓಟು ನಿಮಗೇ ಹಾಕಿದೆ."

"ಬೇಡ ಅಂದಿದ್ದೆ!"

"ಹಾಕಿದೆ. ಅಲ್ಲಿಂದ ನೇರ ಚರ್ಚಿಗೆ ಹೋಗಿ, ನೀವು ಸೋಲಲಿ ಅಂತ ಮೇಣದಬತ್ತಿ ಹಚ್ಚಿದೆ."

"ಏನಂದ್ರಿ? ಸೋಲಲಿ ಅಂತಾನಾ?"

"ಗೆದ್ದಿದ್ರೆ ಇನ್ನೂ ನಾಲ್ಕು ವರ್ಷ ನೀವು ಮೀನು ಮುಟ್ತಿರಲಿಲ್ಲವಲ್ಲ!"

"ದೊಡ್ಡ ಬತ್ತೀನೋ ಚಿಕ್ಕದೋ?"

"ದೊಡ್ಡದೇ."

ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ನಗು ಬಂತು. ಭಾನುವಾರದಿಂದ ಅಳದೆ ಹಿಡಿದಿಟ್ಟ ಕಣ್ಣೀರೆಲ್ಲ ಆ ನಗುವಿನಲ್ಲೇ ಹರಿಯಿತು. ಅವನು ಗಾಬರಿಯಾಗಿ, "ಕ್ವಾರಿ ಧಣಿ ಮೇಲೆ ನದೀ ಜನ ಸೇರಿ ಕೇಸು ಹಾಕ್ತಿದೀವಿ, ವಕೀಲರು ಬೇಕು. ಫೀಸಂತ ಮೀನೇ ಕೊಡೋದು," ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿದ.

"ಕೇಸು ತಗೋತೀನಿ. ಆದರೆ ಇದು ಫೀಸಲ್ಲ," ಎಂದು ಅವಳು ಎರಡೂ ಕೈಯಿಂದ ಪೊಟ್ಟಣ ತೆಗೆದುಕೊಂಡಳು. ತಣ್ಣಗೆ, ಭಾರವಾಗಿತ್ತು. ಅದನ್ನು ಎದೆಗೊತ್ತಿಕೊಂಡು, ಅವನ ಕೋಟಿನ ತೋಳಿಗೆ ಅಂಟಿದ್ದ ಮೀನಿನ ಹುರುಪೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ಯಾರೇ ಅದು?" ಎಂದು ಅಮ್ಮ ಒಳಗಿನಿಂದ ಕೂಗಿದಳು. "ಒಳಗೆ ಕರಿ, ಇಲ್ಲಾ ಕಳಿಸು. ಚಳಿ ಬರ್ತಿದೆ!"

"ಬಾ," ಎಂದಳು ಸೆರಾಫಿಮಾ. ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಬಾನಿತ್ಸಾ ಬೇಕಾದಷ್ಟಿದೆ."